ಚಿಪ್ಪಿನ ಲೆಕ್ಕ, ಕಡಲಿನ ಇಂಗಾಲ

ಆತ್ಮೀಯ ಸಭಿಕರೇ,

ಶಾಲೆಯ ಹಲಗೆಯ ಮೇಲೆ ಈಗ ಬರೆಯುವ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂನಿಂದ ಆದದ್ದು. ನಾನು ಹೇಳಹೊರಟಿರುವುದು ಇಂಗ್ಲೆಂಡಿನ ಡೋವರ್ ತೀರದ ಬಿಳಿ ಬಂಡೆಗಳಲ್ಲಿರುವ ಅಸಲಿ ಸೀಮೆಸುಣ್ಣದ ವಿಷಯ. 1868ರಲ್ಲಿ ಬ್ರಿಟಿಷ್ ಜೀವಶಾಸ್ತ್ರಜ್ಞ ಥಾಮಸ್ ಹೆನ್ರಿ ಹಕ್ಸ್‌ಲಿಯವರು ನಾರ್ವಿಚ್ ನಗರದ ದುಡಿಯುವ ಜನರ ಮುಂದೆ ಅದರ ಒಂದು ತುಂಡಿನ ಕುರಿತೇ ಉಪನ್ಯಾಸ ನೀಡಿ, ಅದು ಕಡಲಿನ ಸೂಕ್ಷ್ಮಜೀವಿಗಳ ಚಿಪ್ಪುಗಳ ರಾಶಿಯೆಂದು ವಿವರಿಸಿದ್ದರು. ಅದರಲ್ಲಿ ಬಹುಪಾಲು ಕಾಕೊಲಿಥೊಫೋರ್ ಎಂಬ ಏಕಕೋಶ ಪಾಚಿಗಳದು. ಇಂದಿನ ಸಾಗರಗಳಲ್ಲಿ ಹೇರಳವಾಗಿರುವ ಈ ಗುಂಪಿನ ಪ್ಲವಕವೊಂದು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ), ಎಮಿಲಿಯಾನಿಯಾ ಹಕ್ಸ್‌ಲಿಯೈ, ಅವರ ಹೆಸರನ್ನೇ ಹೊತ್ತಿದೆ. ಅದರಂಥ ಇನ್ನೂರು ಕೋಶಗಳನ್ನು ಸಾಲಾಗಿಟ್ಟರೆ ಸುಮಾರು ಒಂದು ಮಿಲಿಮೀಟರ್ ಆಗುತ್ತದೆ.

ಚಿಪ್ಪಿನಲ್ಲಿ ಇಂಗಾಲವಿರುವುದರಿಂದ, ಚಿಪ್ಪು ಬೆಳೆದಷ್ಟೂ ಗಾಳಿಯ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ರಸಾಯನಶಾಸ್ತ್ರ ಬೇರೆಯದನ್ನೇ ಹೇಳುತ್ತದೆ. ಕ್ಯಾಲ್ಸಿಯಂ ಜೊತೆ ನೀರಿನಲ್ಲಿ ಕರಗಿರುವ, ಇಂಗಾಲವುಳ್ಳ ಎರಡು ಬೈಕಾರ್ಬೊನೇಟ್ ಅಯಾನುಗಳು ಸೇರಿದಾಗ ಒಂದರ ಇಂಗಾಲ ಚಿಪ್ಪಿಗೆ ಹೋಗಿ, ಇನ್ನೊಂದರದು ಡೈಆಕ್ಸೈಡ್ ಆಗಿ ನೀರಿಗೆ ಮರಳುತ್ತದೆ. ಸಮುದ್ರಜಲದ ಕ್ಷಾರಗುಣ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ, ಅದರಲ್ಲಿ ಒಂದಂಶವನ್ನು ಹೀರಿಕೊಂಡರೂ, ಹತ್ತು ಅಣು ಚಿಪ್ಪಿಗೆ ಸುಮಾರು ಆರು ಅಣು ಡೈಆಕ್ಸೈಡ್ ಉಳಿಯುತ್ತದೆ. ಮೇಲ್ಮೈ ನೀರಿನ ಮಟ್ಟಿಗೆ ಚಿಪ್ಪು ಕಟ್ಟುವುದೆಂದರೆ ಇಂಗಾಲವನ್ನು ಗಾಳಿಯತ್ತ ತಳ್ಳುವ ಕೆಲಸವೇ ಸರಿ.

ಆದರೆ ಚಿಪ್ಪಿಗೆ ತೂಕವಿದೆ. ಒಂಟಿ ಕೋಶ ತಾನಾಗಿ ಮುಳುಗುವುದು ಬಲು ನಿಧಾನ. ಪ್ರಾಣಿಪ್ಲವಕಗಳು ಅದನ್ನು ತಿಂದು ಹಾಕುವ ಹಿಕ್ಕೆಯಲ್ಲಿ ಚಿಪ್ಪಿನ ಸುಣ್ಣವಿದ್ದರೆ, ಬಲೆಗೆ ಕಟ್ಟಿದ ಸೀಸದ ಗುಂಡಿನಂತೆ ಅದು ದ್ಯುತಿಸಂಶ್ಲೇಷಣೆಯಿಂದ ದೊರೆತ ಜೈವಿಕ ಇಂಗಾಲವನ್ನೂ ಕೆಳಕ್ಕೆ ಎಳೆದೊಯ್ಯುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು 1986ರಿಂದ ಅರಬ್ಬೀ ಸಮುದ್ರದ ಆಳದಲ್ಲಿ ಹೀಗೆ ಬೀಳುವ ಕಣಗಳನ್ನು ಹಿಡಿಯುವ ಉಪಕರಣಗಳನ್ನು ಇಳಿಬಿಟ್ಟು ಅಳೆದರು. ನಮಗೆ ಮುಂಗಾರು ಮಳೆ ತರುವ ಗಾಳಿಯೇ ಒಮಾನ್, ಸೊಮಾಲಿಯ ತೀರಗಳಲ್ಲಿ ಪೋಷಕಾಂಶ ತುಂಬಿದ ತಣ್ಣೀರನ್ನು ಮೇಲೆತ್ತುತ್ತದೆ. ಆಗ ಗ್ಲಾಬಿಜೆರೈನಾ ಬುಲಾಯ್ಡಿಸ್ ಎಂಬ ಫೊರಾಮಿನಿಫೆರಾ (ಸುಣ್ಣದ ಚಿಪ್ಪಿನ ಏಕಕೋಶ ಜೀವಿ) ವಿಪರೀತವಾಗಿ ಹೆಚ್ಚಿ, ಆಳಕ್ಕೆ ಬೀಳುವ ಸುಣ್ಣವೂ ಏರುತ್ತದೆ.

ಬಿದ್ದದ್ದೆಲ್ಲ ತಳದಲ್ಲಿ ಉಳಿಯುವುದಿಲ್ಲ. ನಾಲ್ಕೈದು ಕಿಲೋಮೀಟರ್ ಆಳದಿಂದ ಕೆಳಗೆ ಒತ್ತಡ, ತಂಪು ಮತ್ತು ಅಲ್ಲಿನ ಡೈಆಕ್ಸೈಡ್ ಸೇರಿ ಸುಣ್ಣವನ್ನು ಕರಗಿಸಿಬಿಡುತ್ತವೆ. ಕರಗುವಾಗ ಮೊದಲಿನ ಕ್ರಿಯೆ ತಿರುಗುಮುರುಗಾಗುತ್ತದೆ: ನೀರಿನ ಕ್ಷಾರಗುಣ ಹೆಚ್ಚಿ, ಅದು ಇನ್ನಷ್ಟು ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳಬಲ್ಲದು.

ನಾವು ಹೊರಹಾಕುವ ಡೈಆಕ್ಸೈಡಿನ ಸುಮಾರು ಕಾಲುಭಾಗವನ್ನು ಸಾಗರ ಹೀರುತ್ತಿದೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಮೇಲ್ಮೈ ನೀರಿನಲ್ಲಿ 8.2ರಿಂದ 8.1ಕ್ಕೆ ಇಳಿದು, ಚಿಪ್ಪು ಉಳಿಯಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗಿದೆ; ಬೇಗ ಕರಗುವ ಅರಗೊನೈಟ್ ಎಂಬ ಬಗೆಯ ಸುಣ್ಣದ ಚಿಪ್ಪುಳ್ಳ ಟೆರೊಪಾಡ್‌ಗಳಿಗೆ (ಈಜುವ ಪುಟ್ಟ ಕಡಲ ಬಸವನಹುಳುಗಳಿಗೆ) ಅಪಾಯ ಹೆಚ್ಚು. ಚಿಪ್ಪು ಕಡಿಮೆಯಾದರೆ ಮೇಲ್ಮೈಗೆ ಬಿಡುಗಡೆಯಾಗುವ ಡೈಆಕ್ಸೈಡ್ ಕೂಡ ಕಡಿಮೆಯಾಗುತ್ತದೆಂದು ಸಮಾಧಾನಪಡುವವರಿಗೆ ನನ್ನ ಉತ್ತರ, ಆಳಕ್ಕೆ ಎಳೆಯುವ ಆ ಗುಂಡೂ ಜೊತೆಗೇ ಹಗುರಾಗುತ್ತದೆ ಎಂಬುದು. ತಳದಲ್ಲಿ ಕೂಡಿಟ್ಟ ಹಳೆಯ ಸುಣ್ಣ ನಮ್ಮ ಡೈಆಕ್ಸೈಡಿಗೆ ಸಿಕ್ಕಿ ಕರಗುವುದು ಉತ್ತರ ಅಟ್ಲಾಂಟಿಕ್‌ನ ಕೆಲವೆಡೆ ಈಗಾಗಲೇ ಆರಂಭವಾಗಿದೆ. ಆ ಮೂಲಕ ಕಡಲು ಮತ್ತೆ ಸಮತೋಲಕ್ಕೆ ಬರಲು ಸಾವಿರಾರು ವರ್ಷಗಳು ಬೇಕು.