ಶೀಟಿನ ಮಾಡು, ಜುಲೈ ಮಳೆ, ಶ್ರವಣ ಯಂತ್ರ

ಈ ವಿಡಿಯೋದಲ್ಲಿ ಮಳೆ ಸದ್ದನ್ನ ಎಡಿಟಿಂಗ್‌ನಲ್ಲಿ ತೆಗೀದೆ ಬೇಕಂತಲೇ ಬಿಟ್ಟಿದೀನಿ. ತೀರ್ಥಹಳ್ಳಿ ಕಡೆಯ ಶಾಲೆ, ಜುಲೈ ತಿಂಗಳು, ತಲೆ ಮೇಲೆ ತಗಡಿನ ಶೀಟು. ಶ್ರವಣ ಯಂತ್ರ ಹಾಕಿಕೊಂಡ ಮಗುವಿಗೆ ಪಾಠ ಹೇಗೆ ಮಾಡೋದು ಅಂತ ಶಿಕ್ಷಕರಿಗೆ ತರಬೇತಿ. ಇಂಥ ತರಬೇತಿ ಬೇಸಿಗೆ ರಜೆಯಲ್ಲೇ ಇಡಬೇಕು, ಈ ಮಳೇಲಿ ಘಟ್ಟದ ದಾರಿ ಹಿಡಿದು ಯಾರು ಬರ್ತಾರೆ?

ನಮ್ಮ ಕಿವಿ ಮಳೆಯ ನಡುವೆಯೂ ಮಾತನ್ನ ಹೆಕ್ಕಿಕೊಳ್ಳುತ್ತೆ. ಯಂತ್ರ ಮಾತಿನ ಜೊತೆ ಮಳೆಯನ್ನೂ ದೊಡ್ಡದು ಮಾಡುತ್ತೆ. ಮಾತು ಸುತ್ತಲಿನ ಗದ್ದಲಕ್ಕಿಂತ 15 ಡೆಸಿಬಲ್‌ನಷ್ಟು ಜೋರಾಗಿರಬೇಕು ಅನ್ನೋದು ತಜ್ಞರ ಲೆಕ್ಕ. ಈ ಶೀಟಿನ ಕೆಳಗೆ ಎಲ್ಲಿಂದ ಬರಬೇಕು ಅದು? ಹಂಚಿನ ಮಾಡಿಗೆ ಇಷ್ಟು ಗದ್ದಲ ಇರಲಿಲ್ಲ. ಮಂಗ ಹಾರಿ ಹಂಚು ಒಡೆಯುತ್ತೆ ಅಂತ ಮಲೆನಾಡಲ್ಲಿ ಎಷ್ಟೋ ಕಡೆ ಶೀಟು ಹಾಕಿಸಿಬಿಟ್ರು. ಸೋರೋದೇನೋ ನಿಂತಿತು. ಮಗು ಉತ್ತರ ಕೊಡಲ್ಲ, ಮಂದ ಅಂತ ಷರಾ ಬರೀತಾರಲ್ಲ, ಅದು ಅನ್ಯಾಯ. ಇರಲಿ, ಮುಂದಿನ ಶಾಟ್ ಬಂತು.

ಕೂಗಬೇಡಿ. ಕೂಗಿದ್ರೆ ತುಟಿಯ ಆಕಾರ ಕೆಡುತ್ತೆ, ಯಂತ್ರದಲ್ಲಿ ದನಿ ಒಡೆಯುತ್ತೆ. ಹತ್ತಿರ ಹೋಗಿ, ಒಂದು ಮೀಟರ್‌ಗೆ. ಕಿಟಕಿಗೆ ಬೆನ್ನು ಕೊಟ್ಟು ನಿಂತ್ರೆ ನಿಮ್ಮ ಮುಖವೇ ಕಪ್ಪು. ತುಟಿ ನೋಡಿ ಎಲ್ಲ ತಿಳ್ಕೋತಾರೆ ಅನ್ನೋದನ್ನೂ ಪೂರ್ತಿ ನಂಬಬೇಡಿ. ಪಡಿ, ಬಡಿ, ಮಡಿ, ಕನ್ನಡಿ ಮುಂದೆ ಹೇಳಿ ನೋಡಿ, ಮೂರೂ ಒಂದೇ. ಹೊಸ ಪದ ಬೋರ್ಡ್ ಮೇಲೆ ಬರಬೇಕು.

ಇದು ಆರು ದನಿಯ ಪರೀಕ್ಷೆ: ಆ, ಈ, ಊ, ಮ್, ಶ್, ಸ್. ಬಾಯಿಗೆ ಕಾಗದ ಅಡ್ಡ ಹಿಡಿದು ಸಹಜ ದನಿಯಲ್ಲಿ ಹೇಳಿ. ಕೇಳಿಸಿದಾಗಲೆಲ್ಲ ಮಗು ಬಟ್ಟಲಿಗೆ ಒಂದು ಅಡಿಕೆ ಹಾಕಲಿ. ನಡುವಿನ ಬಿಡುವು ಒಂದೇ ಸಮ ಇರಬಾರದು, ಇದ್ರೆ ಮಗು ತಾಳ ಹಿಡಿದು ಹಾಕುತ್ತೆ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ ಸಾಕು. ನಿನ್ನೆ ಕೇಳಿದ ಸ್ ಇವತ್ತು ಕೇಳದಿದ್ರೆ ಮೊದಲು ಯಂತ್ರ ನೋಡಿ.

ಹತ್ತಿರದಿಂದ ತೋರಿಸ್ತೀನಿ. ಯಂತ್ರದಿಂದ ಕಿವಿಗೆ ದನಿ ಒಯ್ಯೋ ಈ ಟ್ಯೂಬ್ ಒಳಗೆ ಹನಿ ಕಾಣ್ತಿದೆಯಾ? ಇಷ್ಟು ಸಣ್ಣ ಹನಿ ಸಾಕು, ದನಿ ಮುಚ್ಚಿಹೋಗುತ್ತೆ. ಬಾಯಲ್ಲಿ ಊದಬೇಡಿ, ಉಸಿರಲ್ಲೂ ತೇವ ಇದೆ. ಕಿವಿಯೊಳಗೆ ಕೂರೋ ಅಚ್ಚನ್ನ ಟ್ಯೂಬ್ ಸಮೇತ ಯಂತ್ರದಿಂದ ಬಿಡಿಸಿ ರಬ್ಬರ್ ಬುರುಡೆಯಿಂದ ಗಾಳಿ ಹೊಡೀರಿ. ಬಟ್ಟೆ ಒಣಗಿಸಿದ ಹಾಗೆ ಬಚ್ಚಲ ಒಲೆ ಪಕ್ಕ ಇಡೋದಂತೂ ಬೇಡವೇ ಬೇಡ, ಬಿಸಿಗೆ ಯಂತ್ರ ಹಾಳಾಗುತ್ತೆ. ರಾತ್ರಿ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಮಕ್ಕಳ ಕೈಗೆ ಸಿಗದ ಜಾಗ. ನೀಲಿ ಹರಳು ಗುಲಾಬಿ ಆಯ್ತು ಅಂದ್ರೆ ತೇವ ಕುಡಿದು ತುಂಬಿದೆ, ಬದಲಾಯಿಸಿ. ಸೆಲ್ ಹೊರಗೆ ತೆಗೆದಿಡಿ. ಗಾಳಿ ತಗೊಂಡು ಕೆಲಸ ಮಾಡೋ ಈ ಜಿಂಕ್ ಏರ್ ಸೆಲ್ ಆ ಡಬ್ಬಿಯಲ್ಲಿ ತಾನೂ ಒಣಗಿ ಬೇಗ ಸಾಯುತ್ತೆ. 13ನೇ ನಂಬರಿನ ಸೆಲ್ಲಿಗೆ ಕಿತ್ತಳೆ ಸ್ಟಿಕ್ಕರ್, 675ಕ್ಕೆ ನೀಲಿ. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಒಮ್ಮೆ ಕಿತ್ತ ಮೇಲೆ ತಿರುಗಿ ಅಂಟಿಸಿದ್ರೂ ಸೆಲ್ ಉಳಿಯಲ್ಲ.

ಬೇಸಿಗೆಯಲ್ಲಿ ಇಡಬೇಕು ಅಂದೆನಲ್ಲ, ಆ ಮಾತು ವಾಪಸ್. ಏಪ್ರಿಲ್‌ನಲ್ಲಿ ಈ ಹನಿ ತೋರಿಸೋಕೆ ಎಲ್ಲಿ ಸಿಗುತ್ತೆ? ಈಗ ಶಿಕ್ಷಕರೇ ಕಿವಿಗೆ ಹತ್ತಿ ಇಟ್ಕೊಂಡು ಕೂತಿದಾರೆ, ಮಳೆ ಜೋರಾಯ್ತು. ಸ್... ಬಟ್ಟಲಿಗೆ ಅಡಿಕೆ ಬೀಳಲಿಲ್ಲ.