ಒಂದೇ ಪೆಟ್ಟಿಗೆಯಲ್ಲಿ ಹ್ಯಾಮ್ ರೇಡಿಯೋ ಸ್ಟೇಷನ್: ಬ್ಯಾಟರಿಯಿಂದ ಆ್ಯಂಟೆನಾದವರೆಗೆ

[ದೃಶ್ಯ: ಮೇಜಿನ ಮೇಲೆ ಕಪ್ಪು ಪೆಟ್ಟಿಗೆ. ಮುಂದಿನ ಮುಚ್ಚಳ ತೆರೆಯುತ್ತದೆ.]

ನಮಸ್ಕಾರ. ಈ ಪೆಟ್ಟಿಗೆಯೊಳಗೆ ಪೂರ್ಣ ಪ್ರಮಾಣದ ಒಂದು ಹ್ಯಾಮ್ ರೇಡಿಯೋ ಸ್ಟೇಷನ್, ಅಂದರೆ ಹವ್ಯಾಸಿಗಳು ರೇಡಿಯೋ ತರಂಗಗಳ ಮೂಲಕ ದೂರದವರೊಡನೆ ನೇರವಾಗಿ ಮಾತನಾಡುವ ಕೇಂದ್ರ, ಇದೆ. ರಿಗ್ (ಕಳಿಸುವ ಮತ್ತು ಕೇಳುವ ರೇಡಿಯೋ ಯಂತ್ರ), ಬ್ಯಾಟರಿ, ಫ್ಯೂಸ್, ಸ್ಪೀಕರ್, ಎಸ್‌ಡಬ್ಲ್ಯೂಆರ್ ಮೀಟರ್ (ಆ್ಯಂಟೆನಾ ರಿಗ್‌ಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ಮೀಟರ್) ಎಲ್ಲವೂ ಮನೆಯಲ್ಲೇ ಜೋಡಣೆಯಾಗಿ ಕುಳಿತಿವೆ. ಬಯಲಿಗೆ ಹೋದಾಗ ಹೊರಗಿನಿಂದ ಸೇರಿಸಬೇಕಾದದ್ದು ಆ್ಯಂಟೆನಾ ಕೇಬಲ್ ಒಂದೇ. ಇದರಲ್ಲಿ ಮಾತನಾಡಬೇಕಾದರೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಲೈಸೆನ್ಸ್ ಮತ್ತು ಕಾಲ್‌ಸೈನ್ (ನಿಮ್ಮ ಸ್ಟೇಷನ್ನಿನ ಗುರುತಿನ ಹೆಸರು) ಪಡೆದಿರಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2004ರ ಡಿಸೆಂಬರ್‌ನಲ್ಲಿ ಹ್ಯಾಮ್ ರೇಡಿಯೋ ಹವ್ಯಾಸಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನ್‌ನಿಂದ ಜಗತ್ತಿನ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸಲೆಂದು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿದಾಗ ಹವ್ಯಾಸಕ್ಕೆಂದು ಒಯ್ದಿದ್ದ ಅದೇ ರೇಡಿಯೋ ತುರ್ತು ಸಂಪರ್ಕದ ದಾರಿಯಾಯಿತು. ಅವರ ಸ್ಟೇಷನ್ ಆ ಹೊತ್ತಿಗೆ ಅಲ್ಲಿ ಸಿದ್ಧವಾಗಿತ್ತು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮಳೆಯಲ್ಲಿ, ಟಾರ್ಚ್ ಬೆಳಕಿನಲ್ಲಿ, ನಡುಗುವ ಕೈಯಲ್ಲಿ ಪ್ಲಸ್ ಯಾವುದು ಮೈನಸ್ ಯಾವುದು ಎಂದು ಹುಡುಕುವ ಪರಿಸ್ಥಿತಿ ಯಾರಿಗೂ ಬರಬಾರದು.

[ದೃಶ್ಯ: ಬ್ಯಾಟರಿ ಮತ್ತು ಕೇಬಲ್‌ನ ಸಮೀಪದ ನೋಟ.]

ಹೆಚ್ಚಿನವರು ರಿಗ್ ಆರಿಸುವುದರಿಂದ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ಬ್ಯಾಟರಿಯಿಂದ ಆರಂಭಿಸಿ ರಿಗ್ ಕಡೆಗೆ ಬರುವುದೇ ಸರಿಯಾದ ಕ್ರಮ, ಏಕೆಂದರೆ ಬಯಲಿನಲ್ಲಿ ಕೈಕೊಡುವುದು ಬಹುಮಟ್ಟಿಗೆ ವಿದ್ಯುತ್ತಿನ ದಾರಿಯೇ. ಇಲ್ಲಿರುವುದು ನಾಲ್ಕು ಸೆಲ್‌ಗಳ, 12.8 ವೋಲ್ಟ್‌ನ, 20 ಆಂಪಿಯರ್ ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. 100 ವ್ಯಾಟ್‌ನ ರಿಗ್ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವಾಗ ಸುಮಾರು 23 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಕನಿಷ್ಠ 30 ಆಂಪಿಯರ್ ತಾಳುವಂಥದ್ದೇ ಎಂದು ಖಚಿತಪಡಿಸಿಕೊಂಡು ಕೊಳ್ಳಬೇಕು.

ನನ್ನ ಮೊದಲ ಪೆಟ್ಟಿಗೆಯಲ್ಲಿ, ಮನೆಯಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರ್‌ನ ವೈರಿಂಗ್ ತಂತಿಯನ್ನೇ ಎರಡು ಮೀಟರ್ ಬಳಸಿದ್ದೆ. ಕೇಳುವಾಗ ಎಲ್ಲವೂ ಸರಿಯಿತ್ತು. ಮೈಕ್ ಒತ್ತಿ ದನಿ ಏರಿಸಿದೊಡನೆ ರಿಗ್‌ನ ಪರದೆ ಆರಿ, ಮರುಕ್ಷಣವೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬ್ಯಾಟರಿ ಕೆಟ್ಟಿದೆಯೆಂದು ಎರಡು ದಿನ ಒದ್ದಾಡಿದ ಮೇಲೆ ಲೆಕ್ಕ ಹಾಕಿದೆ. ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್ ತಂತಿ, ಮೀಟರಿಗೆ 13.3 ಮಿಲಿಓಮ್ ಪ್ರತಿರೋಧ, 23 ಆಂಪಿಯರ್ ವಿದ್ಯುತ್: ತಂತಿಯಲ್ಲೇ 1.2 ವೋಲ್ಟ್ ಕಳೆದುಹೋಗುತ್ತಿತ್ತು. 13.8 ವೋಲ್ಟ್‌ನ ಇಂಥ ರಿಗ್‌ಗಳು ಸಾಮಾನ್ಯವಾಗಿ ಶೇಕಡಾ 15ರಷ್ಟು ಇಳಿಕೆಯನ್ನು, ಅಂದರೆ 11.7 ವೋಲ್ಟ್‌ವರೆಗೆ, ಸಹಿಸುತ್ತವೆ. ಭಾರ ಬಿದ್ದಾಗ ಬ್ಯಾಟರಿ 12.6ಕ್ಕೆ ಇಳಿದರೆ ರಿಗ್‌ಗೆ ತಲುಪುವುದು 11.4 ಮಾತ್ರ. 6 ಚದರ ಮಿಲಿಮೀಟರ್‌ನ ತಂತಿ ಹಾಕಿದ ಮೇಲೆ ಆ ನಷ್ಟ 0.3 ವೋಲ್ಟ್‌ಗೆ ಇಳಿಯಿತು. ಈಗಿನ ಪೆಟ್ಟಿಗೆಯಲ್ಲಿ ಬ್ಯಾಟರಿಯಿಂದ ರಿಗ್‌ಗೆ ಇರುವ ದೂರ ಒಂದು ಮೊಳವೂ ಇಲ್ಲ.

30 ಆಂಪಿಯರ್‌ನ ಫ್ಯೂಸ್ ಬ್ಯಾಟರಿಯ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಇರಲೇಬೇಕು. ರಿಗ್‌ನ ಬಳಿ ಫ್ಯೂಸ್ ಇಟ್ಟು, ನಡುವಿನ ತಂತಿಯನ್ನು ಕಾವಲಿಲ್ಲದೆ ಬಿಟ್ಟರೆ, ಆ ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಬೆಂಕಿಯನ್ನು ತಡೆಯುವವರು ಯಾರೂ ಇರುವುದಿಲ್ಲ.

ಇಷ್ಟು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಮೂರರಲ್ಲಿ ಒಂದು ಪಾಲು ಮಾತನಾಡಿ ಉಳಿದ ಹೊತ್ತು ಆಲಿಸಿದರೆ, ಸರಾಸರಿ 4 ಆಂಪಿಯರ್ ಎಂದು ಹಿಡಿದು (ದನಿಯ ಏರಿಳಿತದಿಂದಾಗಿ ಮಾತನಾಡುವಾಗಲೂ ಸದಾ 23 ಆಂಪಿಯರ್ ಎಳೆಯುವುದಿಲ್ಲ), ಬ್ಯಾಟರಿಯಲ್ಲಿ ಸ್ವಲ್ಪ ಉಳಿಸಿಕೊಂಡು ನಾನು ನಾಲ್ಕು ತಾಸಿನ ಲೆಕ್ಕ ಇಟ್ಟುಕೊಳ್ಳುತ್ತೇನೆ. ಶಕ್ತಿಯನ್ನು 100 ವ್ಯಾಟ್‌ನಿಂದ 25ಕ್ಕೆ ಇಳಿಸಿದರೆ ಆಚೆ ಕಡೆಯವರಿಗೆ ಕಾಣುವ ವ್ಯತ್ಯಾಸ ಮೀಟರ್‌ನಲ್ಲಿ ಒಂದೇ ಎಸ್ ಯೂನಿಟ್, ಅಂದರೆ ಸಿಗ್ನಲ್‌ನ ಬಲ ಅಳೆಯುವ ಪಟ್ಟಿಯಲ್ಲಿ ಒಂದೇ ಮೆಟ್ಟಿಲು. ಆದ್ದರಿಂದ ಮೊದಲು ಕಡಿಮೆ ಶಕ್ತಿಯಲ್ಲೇ ಕರೆಯುವುದು ಒಳಿತು.

[ದೃಶ್ಯ: ಪೆಟ್ಟಿಗೆಯ ಹಿಂಭಾಗ.]

ಪೆಟ್ಟಿಗೆಗೆ ಹಿಂದೆಯೂ ಮುಂದೆಯೂ ಮುಚ್ಚಳ ತೆಗೆಯಲು ಬರಬೇಕು. ಭಾರವಾದ ಬ್ಯಾಟರಿ ಕೆಳಗೆ, ಅದರ ಮೇಲೆ 12 ಮಿಲಿಮೀಟರ್ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ರಿಗ್. ಅದರ ಫ್ಯಾನ್‌ನ ಹಿಂದೆ ನಾಲ್ಕು ಬೆರಳಿನಷ್ಟು ಜಾಗ. ಮಲೆನಾಡಿನವರು ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಒಳಗೆ ಹಾಕಿಡಿ. ಬ್ಯಾಟರಿಯನ್ನು ಬಿಸಿಲಿನಿಂದ ತುಂಬಿಸುವುದಾದರೆ, ಸೋಲಾರ್ ಚಾರ್ಜ್ ಕಂಟ್ರೋಲರ್‌ಗಳು ಹಲವು ಸಲ ರಿಸೀವರ್‌ನಲ್ಲಿ ಜೋರಾಗಿ ಗುಂಯ್‌ಗುಡುತ್ತವೆ. ಕ್ಷೀಣ ಸಿಗ್ನಲ್ ಆಲಿಸುವಾಗ ಅವನ್ನು ಕಳಚಲು ಒಂದು ಸ್ವಿಚ್ ಇರಲಿ.

[ದೃಶ್ಯ: ಮರಕ್ಕೆ ಹಗ್ಗ, ತಲೆಕೆಳಗಾದ ವಿ ಆಕಾರದ ತಂತಿ.]

ಆ್ಯಂಟೆನಾ ಸರಳವಾಗಿರಲಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ತರಂಗದ ತಂತಿಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ 20.1 ಮೀಟರ್, ಅಂದರೆ ಒಂದೊಂದು ಬದಿಗೆ ಹತ್ತು ಮೀಟರ್. ಸ್ವಲ್ಪ ಉದ್ದವಾಗಿಯೇ ಕತ್ತರಿಸಿಕೊಂಡು, ಎಸ್‌ಡಬ್ಲ್ಯೂಆರ್ ನೋಡುತ್ತ ಎರಡೂ ಬದಿ ಸಮವಾಗಿ ತುಂಡರಿಸುತ್ತ ಬನ್ನಿ. ನಡುವಿನ ತುದಿ ಆರೇಳು ಮೀಟರ್ ಎತ್ತರದಲ್ಲಿದ್ದರೆ ಸಾಕು. ಹೀಗೆ ತಗ್ಗಾಗಿ ಕಟ್ಟಿದ ತಂತಿ ತರಂಗವನ್ನು ನೇರ ಮೇಲಕ್ಕೆ ಕಳಿಸುತ್ತದೆ, ವಾತಾವರಣದ ಮೇಲ್ಪದರವಾದ ಅಯಾನುಗೋಳ ಅದನ್ನು ಕೊಡೆಯಂತೆ ಸುತ್ತಲೂ ಕೆಳಗಿಳಿಸುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಕೊಡಗಿನಂಥ ಕಣಿವೆಗಳಲ್ಲಿ ವಿಎಚ್‌ಎಫ್ (ಬಹುಮಟ್ಟಿಗೆ ನೇರ ಗೆರೆಯಲ್ಲೇ ಸಾಗುವ ಹೆಚ್ಚಿನ ಕಂಪನಾಂಕದ ತರಂಗ) ವಾಕಿಟಾಕಿಯ ದನಿ ಎದುರಿನ ಬೆಟ್ಟಕ್ಕೇ ನಿಂತುಬಿಡುತ್ತದೆ. ಆದರೆ ಹಗಲಿನಲ್ಲಿ 7 ಮೆಗಾಹರ್ಟ್ಸ್‌ನ ತರಂಗ ಬೆಟ್ಟವನ್ನು ದಾಟಿ ಮಡಿಕೇರಿಯಿಂದ ಬೆಂಗಳೂರನ್ನು ಮುಟ್ಟಬಲ್ಲದು.

ಪೆಟ್ಟಿಗೆ ಸಿದ್ಧವಾದ ಮೇಲೆ ಒಂದು ಭಾನುವಾರ ಮನೆಯ ಮೇನ್ ಸ್ವಿಚ್ ಆರಿಸಿ, ಗಡಿಯಾರ ನೋಡಿ, ಅಂಗಳದಲ್ಲಿ ಅದನ್ನು ತೆರೆಯಿರಿ. ನನಗೆ ಮೊದಲ ಸಿಕ್ಯೂ ಕರೆಗೆ, ಅಂದರೆ ಕೇಳುತ್ತಿರುವ ಯಾರಾದರೂ ಉತ್ತರಿಸಲಿ ಎಂಬ ಕರೆಗೆ, ಈಗ ಹನ್ನೊಂದು ನಿಮಿಷ ಬೇಕಾಗುತ್ತದೆ. ಅದರಲ್ಲಿ ಎಂಟು ನಿಮಿಷ ಮಾವಿನ ಕೊಂಬೆಗೆ ಹಗ್ಗ ಎಸೆಯುವುದರಲ್ಲೇ ಕಳೆಯುತ್ತದೆ.