ಒಂದೇ ಜಿಲ್ಲೆ, ಎರಡು ನೀರು, ಒಂದು ಒಗೆಯುವ ಯಂತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತವರು ಸಕಲೇಶಪುರದಾಚೆ, ಹಾನುಬಾಳಿನ ಕಡೆ. ಮದುವೆಯಾಗಿ ಬಂದದ್ದು ಅರಸೀಕೆರೆಗೆ. ಜುಲೈ ತಿಂಗಳಲ್ಲಿ ತವರಿಗೆ ಹೋದರೆ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನದ ಹಿಂದಿನ ಬಟ್ಟೆ ಇನ್ನೂ ಹಸಿಯಾಗಿಯೇ ಇರುತ್ತದೆ, ಮೇಲೆ ಹೊಗೆಯ ವಾಸನೆ ಬೇರೆ. ಅದೇ ವಾರ ಅರಸೀಕೆರೆಗೆ ಹಿಂದಿರುಗಿದರೆ ತಾರಸಿಯ ತಂತಿಯ ಮೇಲೆ ಹಾಕಿದ ಸೀರೆ ಅಡುಗೆ ಮುಗಿಯುವಷ್ಟರಲ್ಲಿ ಗರಿಗರಿಯಾಗಿ ಒಣಗಿರುತ್ತದೆ. ಆದರೆ ಇಲ್ಲಿ ಕೊಳವೆಬಾವಿಯ ನೀರು. ನಲ್ಲಿಯ ಬಾಯಿಗೂ ಬಕೆಟ್ಟಿನ ಅಂಚಿಗೂ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟುತ್ತದೆ. ಎರಡೂ ಹಾಸನ ಜಿಲ್ಲೆಯ ಊರುಗಳೇ. ಎರಡೂ ಮನೆಗಳಲ್ಲಿ ಈಗ ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್, ನಾವು ಫ್ರಂಟ್ ಲೋಡ್ ಎನ್ನುತ್ತೇವಲ್ಲ, ಅದು ಇದೆ. ಎರಡನ್ನೂ ವರ್ಷಗಟ್ಟಲೆ ಬಳಸಿ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಅಂಗಡಿಗೆ ಹೋಗಿ ಬಣ್ಣ, ಕಿಲೋ, ರಿಯಾಯಿತಿ ವಿಚಾರಿಸುವ ಮುನ್ನ ನಿಮ್ಮ ಮನೆಯ ನೀರನ್ನು ವಿಚಾರಿಸಿಕೊಳ್ಳಿ.

ಈ ಯಂತ್ರ ಮಾಡುವ ಕೆಲಸ ನಮಗೆ ಹೊಸದಲ್ಲ. ಹಿತ್ತಿಲ ಕಲ್ಲಿನ ಮೇಲೆ ಅಮ್ಮ ಬಟ್ಟೆಯನ್ನು ಎತ್ತಿ ಎತ್ತಿ ಸೆಳೆಯುತ್ತಿದ್ದಳು. ಇಲ್ಲಿಯೂ ಅಡ್ಡಲಾಗಿ ತಿರುಗುವ ಡ್ರಮ್ಮಿನ ಒಳಗಿರುವ ದಿಂಡುಗಳು ಬಟ್ಟೆಯನ್ನು ಮೇಲಕ್ಕೆ ಒಯ್ದು ಕೆಳಕ್ಕೆ ಬೀಳಿಸುತ್ತವೆ. ಬಟ್ಟೆ ನೀರಿನಲ್ಲಿ ಮುಳುಗಿರಬೇಕಾಗಿಲ್ಲ, ನೆನೆದಿದ್ದರೆ ಸಾಕು. ಆದ್ದರಿಂದಲೇ ಏಳು ಕಿಲೋ ಯಂತ್ರ ಒಂದು ಸಲಕ್ಕೆ 50-60 ಲೀಟರಿನಲ್ಲಿ ಒಗೆದು ಜಾಲಿಸಿ ಮುಗಿಸುತ್ತದೆ. ಮೇಲಿನಿಂದ ಬಟ್ಟೆ ತುಂಬುವ ಯಂತ್ರಕ್ಕೆ ಸಾಮಾನ್ಯವಾಗಿ 100 ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಮ್ಮಂಥವರಿಗೆ ಈ 40-50 ಲೀಟರ್ ದೊಡ್ಡ ಉಳಿತಾಯ.

ಬಟ್ಟೆ ಬೀಳಬೇಕಾದರೆ ಒಳಗೆ ಜಾಗ ಬೇಕು, ಇದನ್ನು ಮರೆಯಬಾರದು. ಡ್ರಮ್ಮನ್ನು ಕಂಠಪೂರ್ತಿ ತುರುಕಿದರೆ ಬಟ್ಟೆ ಮುದ್ದೆಯಾಗಿ ಸುತ್ತುತ್ತದೆಯೇ ಹೊರತು ಕೊಳೆ ಬಿಡುವುದಿಲ್ಲ. ಬಟ್ಟೆ ಹಾಕಿದ ಮೇಲೆ ಮೇಲ್ಭಾಗದಲ್ಲಿ ಅಂಗೈ ನೇರವಾಗಿ ಆಡುವಷ್ಟು ಜಾಗ ಉಳಿದಿರಲಿ.

ಈಗ ನೀರಿನ ವಿಷಯ. ಮೊದಲು ಒತ್ತಡ. ಯಂತ್ರ ಇಡುವ ಕಡೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಎರಡು ನಿಮಿಷದೊಳಗೆ ತುಂಬಿದರೆ ಯೋಚನೆಯಿಲ್ಲ. ತೊಟ್ಟಿ ನಲ್ಲಿಗಿಂತ ಹತ್ತು ಅಡಿ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್. ಯಂತ್ರಕ್ಕೆ ಕನಿಷ್ಠ ಎಷ್ಟು ಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ತವರಿನ ಹಳೆಯ ಹೆಂಚಿನ ಮನೆಯಲ್ಲಿ ತೊಟ್ಟಿ ಸೂರಿನ ಮಟ್ಟದಲ್ಲೇ ಇತ್ತು. ಅಣ್ಣ ಹಿತ್ತಿಲ ದಿಬ್ಬದ ಮೇಲೆ ಬೇರೆ ತೊಟ್ಟಿ ಕೂರಿಸುವವರೆಗೂ ಯಂತ್ರ ನೀರು ಬರುತ್ತಿಲ್ಲವೆಂದು ಅರ್ಧಕ್ಕೇ ನಿಲ್ಲುತ್ತಿತ್ತು. ಅತ್ತಿಗೆ ಯಂತ್ರವೇ ಕೆಟ್ಟಿದೆಯೆಂದು ತಿಂಗಳುಗಟ್ಟಲೆ ಬೇಸರಪಟ್ಟುಕೊಂಡಿದ್ದರು.

ಆಮೇಲೆ ನೀರಿನ ಗುಣ. ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಮುಚ್ಚಳವಿರುವ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸಾಧಾರಣ ಸಾಬೂನಿನ ನಾಲ್ಕು ಚೂರು ಕೆರೆದು ಹಾಕಿ ಚೆನ್ನಾಗಿ ಕುಲುಕಿ. ಹಾನುಬಾಳಿನ ಬಾವಿ ನೀರಿನಲ್ಲಿ ಬಾಟಲಿಯ ಕತ್ತಿನವರೆಗೂ ನೊರೆ ಏಳುತ್ತದೆ, ಕೆಳಗಿನ ನೀರು ತಿಳಿಯಾಗಿಯೇ ಉಳಿಯುತ್ತದೆ. ನಮ್ಮ ಅರಸೀಕೆರೆಯ ಮನೆಯ ಕೊಳವೆಬಾವಿ ನೀರಿನಲ್ಲಿ ನೊರೆ ಏಳುವುದೇ ಇಲ್ಲ. ನೀರು ಮಜ್ಜಿಗೆಯಂತೆ ಕದಡಿ, ಮೇಲೆ ಕೆನೆಯಂಥ ಜಿಡ್ಡು ತೇಲುತ್ತದೆ. ನೆಲದಾಳದಿಂದ ಬರುವ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನನ್ನು ಹಿಡಿದುಕೊಂಡುಬಿಡುತ್ತವೆ. ಇದೇ ಗಡಸು ನೀರು. ಇದು ಯಂತ್ರದೊಳಗಿನ ಹೀಟರಿನ ಮೇಲೆ, ಕಾಫಿ ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವಂತೆ, ಪದರ ಪದರವಾಗಿ ಗಟ್ಟಿಯಾಗುತ್ತದೆ. ಗಡಸು ನೀರಿನ ಮನೆಯವರು ಎರಡು ತಿಂಗಳಿಗೊಮ್ಮೆಯಾದರೂ ಪೊರೆ ಕಳೆಯುವ ಪುಡಿಯನ್ನು ಖಾಲಿ ಡ್ರಮ್ಮಿಗೆ ಹಾಕಿ ಬಿಸಿನೀರಿನಲ್ಲಿ ಓಡಿಸಬೇಕು.

ಬಟ್ಟೆಯ ಪುಡಿಯ ಲೆಕ್ಕವೂ ಇದರಿಂದಲೇ ಬದಲಾಗುತ್ತದೆ. ನಾನು ಇಲ್ಲಿ ಹಾಕುವ ಪುಡಿಯ ಅರ್ಧ ಸಾಕು ಅತ್ತಿಗೆಗೆ. ಮೆದು ನೀರಿಗೆ ಇಲ್ಲಿಯಷ್ಟೇ ಸುರಿದರೆ ಡ್ರಮ್ಮಿನ ತುಂಬಾ ನೊರೆ ಎದ್ದು, ಬೀಳುವ ಬಟ್ಟೆ ಹಾಸಿಗೆಯ ಮೇಲೆ ಬಿದ್ದಂತೆ ಮೆತ್ತಗೆ ಬೀಳುತ್ತದೆ, ಕೊಳೆ ಹಾಗೆಯೇ ಉಳಿಯುತ್ತದೆ. ಯಂತ್ರ ನೊರೆ ಗುರುತಿಸಿ ಮತ್ತೆ ಮತ್ತೆ ಜಾಲಿಸುತ್ತದೆ. ಉಳಿಸಿದ ನೀರೆಲ್ಲ ಹೋಯಿತು. ದಯವಿಟ್ಟು ಬಕೆಟ್ಟಿಗೆ ಹಾಕುವ ಸಾಧಾರಣ ಪುಡಿಯನ್ನು ಇದಕ್ಕೆ ಹಾಕಬೇಡಿ. ಫ್ರಂಟ್ ಲೋಡ್‌ಗೆಂದೇ ನೊರೆ ಕಡಿಮೆ ಮಾಡಿ ತಯಾರಿಸಿದ ಪುಡಿ ಅಥವಾ ದ್ರವ ಸಿಗುತ್ತದೆ.

ಯಂತ್ರವನ್ನು ಆಯ್ದುಕೊಳ್ಳುವಾಗ ಮಲೆನಾಡಿನವರು ಬಟ್ಟೆ ಹಿಂಡುವ ಸುತ್ತಿನ ವೇಗಕ್ಕೆ ಹೆಚ್ಚು ಬೆಲೆ ಕೊಡಲಿ. ಐದು ಕಿಲೋ ಒಣ ಹತ್ತಿಬಟ್ಟೆಯನ್ನು ನಿಮಿಷಕ್ಕೆ 800 ಸುತ್ತಿನಲ್ಲಿ ಹಿಂಡಿದರೆ ಸುಮಾರು ಮೂರೂವರೆ ಲೀಟರ್ ನೀರು ಬಟ್ಟೆಯಲ್ಲೇ ಉಳಿಯುತ್ತದೆ. 1400 ಸುತ್ತಿನಲ್ಲಿ ಎರಡೂವರೆ ಲೀಟರಿನ ಆಸುಪಾಸು. ಆ ಒಂದು ಲೀಟರ್ ನೀರು ಅರಸೀಕೆರೆಯ ಬಿಸಿಲಿಗೆ ಲೆಕ್ಕಕ್ಕಿಲ್ಲ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಜಡಿಮಳೆ ಹಿಡಿದಾಗ ಶಾಲೆಯ ಸಮವಸ್ತ್ರ ಬೆಳಿಗ್ಗೆಗೆ ಒಣಗುತ್ತದೆಯೋ ಇಲ್ಲವೋ ಎಂಬುದು ಅದರ ಮೇಲೆಯೇ ನಿಂತಿದೆ.

ನೀರು ಕಾಯಿಸುವ ಹೀಟರು ಸುಮಾರು 2000 ವ್ಯಾಟಿನದು. 16 ಆಂಪಿಯರಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಬೇಕೇಬೇಕು. ಮನೆಯ ಇನ್ವರ್ಟರಿನಿಂದ ಓಡಿಸುವ ಯೋಚನೆ ಬೇಡ. ನಡುವೆ ಕರೆಂಟ್ ಹೋದರೆ ಬಾಗಿಲು ಎಳೆಯಬೇಡಿ. ಕರೆಂಟ್ ಬಂದ ಮೇಲೆ ಹೆಚ್ಚಿನ ಯಂತ್ರಗಳು ಬಿಟ್ಟಲ್ಲಿಂದ ಮುಂದುವರಿಯುತ್ತವೆ.

ಕೂರಿಸುವ ದಿನ ನೀವೇ ಹತ್ತಿರ ನಿಲ್ಲಿ. ಒಳಗಿನ ತೊಟ್ಟಿ ಸಾಗಾಟದಲ್ಲಿ ಅಲುಗದಂತೆ ಹಿಂಬದಿಯಲ್ಲಿ ಉದ್ದನೆಯ ಬೋಲ್ಟುಗಳನ್ನು ಬಿಗಿದಿರುತ್ತಾರೆ, ಹೆಚ್ಚಾಗಿ ನಾಲ್ಕು. ಅವನ್ನು ಬಿಚ್ಚಲೇಬೇಕು. ನಮ್ಮ ಪಕ್ಕದ ಮನೆಯಲ್ಲಿ ಬಿಚ್ಚಲು ಮರೆತರು. ಹಿಂಡುವ ಹೊತ್ತಿಗೆ ಯಂತ್ರ ಬಚ್ಚಲಿನಿಂದ ನಡೆದುಕೊಂಡು ಬಾಗಿಲವರೆಗೆ ಬಂದಿತ್ತು. 1937ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ಮನೆಬಳಕೆಗೆ ತಂದ ಮೊದಲ ಸ್ವಯಂಚಾಲಿತ ಯಂತ್ರವೂ ಮುಂದೆ ಬಾಗಿಲಿನದೇ, ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ಈಗ ಒಳಗೆ ಕಾಂಕ್ರೀಟಿನ ಭಾರವನ್ನೇ ಇಟ್ಟಿರುತ್ತಾರೆ, ಅದಕ್ಕೇ ಇದು ಅರವತ್ತು ಕಿಲೋ ಮೇಲೆ ತೂಗುತ್ತದೆ. ಬಚ್ಚಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿಸಿ, ಕೈಯಿಂದ ಮೂಲೆ ಒತ್ತಿದರೆ ಅಲುಗಬಾರದು. ನಮ್ಮ ಕಡೆ ಇಲಿಗಳ ಕಾಟವೂ ಉಂಟು. ಅವು ಬುಡದಿಂದ ಒಳಹೊಕ್ಕು ವೈರು ಕಡಿಯುತ್ತವೆ, ಕೆಳಗೆ ಜಾಲರಿ ಹಾಕಿಸುವುದು ಒಳ್ಳೆಯದು.

ತೋಟದ ಬಟ್ಟೆಯ ಬಗ್ಗೆ ಅತ್ತಿಗೆಯಿಂದ ಕಲಿತದ್ದು ಒಂದಿದೆ. ಇಂಬಳ ಕಚ್ಚಿದ ರಕ್ತದ ಕಲೆಯಿದ್ದರೆ ಮೊದಲು ತಣ್ಣೀರಿನಲ್ಲಿ ನೆನೆಹಾಕಬೇಕು. ನೇರವಾಗಿ ಬಿಸಿನೀರಿಗೆ ಹೋದರೆ ರಕ್ತ ಎಳೆಯೊಳಗೆ ಬೆಂದು ಕೂರುತ್ತದೆ. ಬಾಳೆಯ ಕರೆ, ಅಡಿಕೆಯ ಚೊಗರು ಯಾವ ಯಂತ್ರಕ್ಕೂ ಸುಲಭವಾಗಿ ಬಿಡುವುದಿಲ್ಲ. ಅಂಥ ಬಟ್ಟೆಯನ್ನು ತೋಟಕ್ಕೇ ಮೀಸಲಿಡಿ. ಕೆಸರು ಮೆತ್ತಿದ ಪ್ಯಾಂಟನ್ನು ಹೊರಗೆ ಒಮ್ಮೆ ಜಾಲಿಸಿ, ಜೇಬು ತಡಕಿ, ಆಮೇಲೆ ಹಾಕಿ.

ಮನೆಯಲ್ಲಿ ಮಂಡಿನೋವಿನ ಹಿರಿಯರೇ ಬಟ್ಟೆ ಹಾಕುವವರಾದರೆ, ನಲ್ಲಿಯಲ್ಲಿ ಒತ್ತಡವೂ ಇಲ್ಲವಾದರೆ, ಟಾಪ್ ಲೋಡ್ ಕೊಳ್ಳಿ. ನಮ್ಮ ಅತ್ತೆ ಬಗ್ಗಲಾರದೆ ಪಡುವ ಕಷ್ಟ ನೋಡಿ ಈ ಮಾತು ಹೇಳುತ್ತಿದ್ದೇನೆ.

ಇನ್ನು ಬಾಗಿಲಿನ ಸುತ್ತ ಇರುವ ರಬ್ಬರು. ಹೋದ ವರ್ಷ ಬಟ್ಟೆಯಿಂದ ಮುಗ್ಗಲು ವಾಸನೆ ಬರತೊಡಗಿತು. ರಿಪೇರಿಗೆ ಬಂದ ಹುಡುಗ ಏನನ್ನೂ ಬಿಚ್ಚಲಿಲ್ಲ. "ಅಕ್ಕಾ, ಇಲ್ಲಿ ನೋಡಿ" ಎಂದು ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಅಗಲಿಸಿದ. ಒಳಗೆ ಕಪ್ಪು ಲೋಳೆ, ಮಗಳ ಒಂದು ಹೇರ್‌ಪಿನ್ನು, ಎರಡು ರೂಪಾಯಿಯ ನಾಣ್ಯ, ಚಮಚದಷ್ಟು ನಿಂತ ನೀರು. ಆವತ್ತಿನಿಂದ ಕೊನೆಯ ಒಗೆತವಾದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಆ ಮಡಿಕೆಯನ್ನು ಸುತ್ತಲೂ ಒರೆಸುತ್ತೇನೆ. ತಿಂಗಳಿಗೊಮ್ಮೆ ಕೆಳಮೂಲೆಯ ಫಿಲ್ಟರ್ ತಿರುಗಿಸಿ ತೆಗೆದು ತೊಳೆಯುತ್ತೇನೆ. ಅಲ್ಲಿ ಸ್ವಲ್ಪ ನೀರು ಚೆಲ್ಲುತ್ತದೆ, ತಟ್ಟೆ ಇಟ್ಟುಕೊಳ್ಳಬೇಕು. ಬಾಗಿಲನ್ನೂ ಪುಡಿಯ ಡ್ರಾಯರನ್ನೂ ನಾಲ್ಕು ಬೆರಳು ತೆರೆದೇ ಬಿಡುತ್ತೇನೆ, ಒಳಗೆ ಗಾಳಿಯಾಡಲಿ ಎಂದು. ಹಾಗೆ ತೆರೆದಿಟ್ಟ ಮನೆಯಲ್ಲಿ ಪುಟ್ಟ ಮಕ್ಕಳೋ ಬೆಕ್ಕೋ ಇದ್ದರೆ, ಮರುದಿನ ಬಟ್ಟೆ ಹಾಕುವ ಮೊದಲು ಡ್ರಮ್ಮಿನೊಳಗೆ ಒಮ್ಮೆ ಬಗ್ಗಿ ನೋಡಿ, ಕೈಯಾಡಿಸಿ. ಆಮೇಲೆ ಬಾಗಿಲು ಹಾಕಿ.

ನಮಸ್ಕಾರ.